ಒಂದು ಬೆಣೆ

ಇಂದು ಸ್ಟೂಲಿನ ಕಾಲು ಸಡಿಲವಾಗಿತ್ತು. ಬೆಣೆ ಕೆತ್ತು ಎಂದು ಮಗನಿಗೆ ಉಳಿ ಕೊಟ್ಟೆ. ಇಂಜಿನಿಯರಿಂಗ್ ಓದುವ ಹುಡುಗ, ಉಳಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ನಿಂತ.

ಕ್ಯಾಲ್ವಿನ್ ವುಡ್‌ವರ್ಡ್ ನೆನಪಾದರು. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೇಷ್ಟರು. ಪಾಠಕ್ಕೆ ಮರದ ಮಾದರಿ ಮಾಡಿ ಎಂದರೆ ಅವರ ವಿದ್ಯಾರ್ಥಿಗಳಿಗೂ ಸಲಕರಣೆ ಹಿಡಿಯಲು ಬರಲಿಲ್ಲವಂತೆ.

ಅದಕ್ಕಾಗಿ 1879ರಲ್ಲಿ ಒಂದು ಶಾಲೆಯನ್ನೇ ಸ್ಥಾಪಿಸಿದರು! ಗಣಿತ, ವಿಜ್ಞಾನ, ಭಾಷೆಯ ಜೊತೆಗೇ ಮರಗೆಲಸ, ಕುಲುಮೆ. ಬಡಗಿಗಳನ್ನು ತಯಾರಿಸಲು ಅಲ್ಲ, ಬುದ್ಧಿಯ ಜೊತೆ ಕೈಯೂ ಕಲಿಯಲಿ ಎಂದು. ಮುಂದೆ ಊರಿನ ಶಿಕ್ಷಣ ಮಂಡಳಿಯಲ್ಲೂ ದುಡಿದರು. ಎಷ್ಟು ದೊಡ್ಡ ಮನಸ್ಸು.

ಮಗನ ಕೈ ಹಿಡಿದು ಉಳಿ ಓಡಿಸಿದೆ. ಮೂರನೆಯ ಬೆಣೆ ಸರಿಯಾಗಿ ಕೂತಿತು. ಈಗ ಅದೇ ಸ್ಟೂಲಿನ ಮೇಲೆ ಕುಳಿತು ಓದುತ್ತಿದ್ದಾನೆ.