ಎಫೆಂದಿ ಅಂದು ಕೆಟ್ಟೆ

ಮೊನ್ನೆ ಭಾನುವಾರ ಇಸ್ತಾಂಬುಲ್‌ನಲ್ಲಿ ಸಹೋದ್ಯೋಗಿಯ ಮನೆಗೆ ಊಟಕ್ಕೆ ಹೋಗಿದ್ದೆ. ಎಪ್ಪತ್ತು ದಾಟಿದ ಅವನ ಅಪ್ಪನ ಹೆಸರಿಗೆ ಮರ್ಯಾದೆಗೆಂದು ‘ಎಫೆಂದಿ’ ಸೇರಿಸಿ ನಮಸ್ಕಾರ ಹೇಳಿದೆ. ಬಾಯಿಗೆ ಹೋಗುತ್ತಿದ್ದ ಅವರ ಚಹಾ ಲೋಟ ಅರ್ಧದಲ್ಲೇ ನಿಂತಿತು. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟ. ಅದನ್ನು ತಟ್ಟೆಗಿಟ್ಟಾಗ ಟಣ್ ಎಂದದ್ದು ಇವತ್ತಿಗೂ ಕಿವಿಯಲ್ಲಿದೆ. ಗೆಳೆಯನ ತಂಗಿ ನಕ್ಕಳು. ಅಷ್ಟೊಂದು ನಗಬೇಕಿರಲಿಲ್ಲ.

ತಪ್ಪು ನನ್ನದೊಬ್ಬನದೇ ಅಲ್ಲ. ನಾನು ರಾಯಚೂರಿನವನು. ನಮ್ಮನ್ನಾಳಿದ ಹೈದರಾಬಾದ್ ನಿಜಾಮರ ಹಿರಿಮಗ 1931ರಲ್ಲಿ ಮದುವೆಯಾಗಿದ್ದು ತುರ್ಕಿಯ ಆಟೋಮನ್ ಮನೆತನದ ಕೊನೆಯ ಖಲೀಫನ ಮಗಳು ದುರ್ರುಶೆಹ್ವಾರ್‌ಳನ್ನು. ಆ ಖಲೀಫನ ಹೆಸರೇ ಅಬ್ದುಲ್ ಮಜೀದ್ ಎಫೆಂದಿ. ಖಲೀಫನಿಗೇ ಇದ್ದದ್ದು ನಿವೃತ್ತ ಬ್ಯಾಂಕ್ ಅಧಿಕಾರಿಗೆ ಕಡಿಮೆಯಾದೀತೇ? ಸಾಲದ್ದಕ್ಕೆ, ಮೇಲೆ ಬರುವಾಗ ಗೆಳೆಯ ಅಪಾರ್ಟ್‌ಮೆಂಟಿನ ಕಾವಲುಗಾರನನ್ನೂ ಎಫೆಂದಿ ಎಂದೇ ಕರೆದಿದ್ದ. ಎಂಥ ಸಂಸ್ಕಾರ ಅಂದುಕೊಂಡಿದ್ದೆ!

ಅಲ್ಲೇ ಇತ್ತು ಎಡವಟ್ಟು. ಗ್ರೀಕ್‌ನಿಂದ ಬಂದ ಈ ಪದಕ್ಕೆ ಒಡೆಯ ಎಂದರ್ಥ. ಆಟೋಮನ್ ಕಾಲದಲ್ಲಿ ರಾಜಕುಮಾರರಿಗೆ, ಓದುಬರಹ ಬಲ್ಲ ಅಧಿಕಾರಿಗಳಿಗೆ ಸಲ್ಲುತ್ತಿತ್ತು. ಆಮೇಲೆ ಜಾರುತ್ತಾ ಜಾರುತ್ತಾ ಬಾಗಿಲು ಕಾಯುವವರ ಹೆಸರಿಗೆ ಬಂದು ಕೂತಿದೆ. ಹಾಗಂತ ಫೋನ್ ಎತ್ತಿದವರೆಲ್ಲ ‘ಎಫೆಂದಿಮ್’ ಅನ್ನುತ್ತಾರೆ, ‘ನನ್ನೊಡೆಯ’ ಅಂತ. ಅದಕ್ಕೆ ಯಾರೂ ಲೋಟ ಕೆಳಗಿಡುವುದಿಲ್ಲ.

‘ಬೇ’ ಅನ್ನಬೇಕಿತ್ತಂತೆ. ಆಟೋಮನ್ ಮನೆತನದ ಮೂಲಪುರುಷ ಉಸ್ಮಾನನೂ ಬೇ, ಇವತ್ತಿನ ಮ್ಯಾನೇಜರೂ ಬೇ. ನಮ್ಮ ‘ಬೇಗಂ’ ಹುಟ್ಟಿದ್ದೂ ಅದೇ ಬೇರಿನಿಂದ. ಗೊತ್ತಿತ್ತು. ಆದರೆ ರಾಯಚೂರಿನಲ್ಲಿ ‘ಕ್ಯಾ ಬೇ’ ಅಂದರೆ ಜಗಳ ಶುರು ಅಂತ. ಹಿರಿಯರ ಮುಂದೆ ಆ ‘ಬೇ’ ಹೇಳಲು ನಾಲಿಗೆ ಏಳಲಿಲ್ಲ.

ತಮಾಷೆಯೆಂದರೆ ಎರಡೂ ಕಾನೂನುಬಾಹಿರ. ತುರ್ಕಿಯ 1934ರ ನವೆಂಬರ್ 26ರ ಕಾಯಿದೆ ಎಫೆಂದಿ, ಬೇ, ಪಾಷಾ, ಹಾನಿಮ್, ಆಗಾ ಎಂಬ ಬಿರುದುಗಳೆಲ್ಲವನ್ನೂ ಕಿತ್ತುಹಾಕಿತು. ಮನೆತನದ ಹೆಸರು ಕಡ್ಡಾಯವಾದದ್ದೂ ಅದೇ ವರ್ಷದ ಕಾನೂನಿನಿಂದ. ಬದಲಿಗೆ ಗಂಡಸರಿಗೆ ತಂದ ‘ಬಾಯ್’, ಹೆಂಗಸರಿಗೆ ತಂದ ‘ಬಾಯಾನ್’ ಶೌಚಾಲಯದ ಬಾಗಿಲ ಮೇಲೆ ಉಳಿದುಕೊಂಡಿವೆ. ಕಾಯಿದೆಗೆ ಸಂವಿಧಾನದ 174ನೇ ವಿಧಿಯ ರಕ್ಷಣೆ ಇವತ್ತಿಗೂ ಇದೆ. ಹಾಗಿದ್ದೂ, ಬೇ ಅನ್ನದಿದ್ದರೆ ಮರ್ಯಾದೆ ಗೊತ್ತಿಲ್ಲದವನು ಅಂತ ಲೆಕ್ಕ.

ನಾವೇನು ಕಡಿಮೆ? ವಚನಕಾರರು ದೇವರನ್ನೇ ಕರೆದ ‘ಅಯ್ಯ’ನನ್ನು ‘ಹೋಗಯ್ಯ ಸಾಕು’ ಮಾಡಿದ್ದೇವೆ. ಯಜ್ಞ ಮಾಡಿಸುತ್ತಿದ್ದ ಯಜಮಾನ ಈಗ ಆಟೊ ಸ್ಟ್ಯಾಂಡಿನಲ್ಲಿ ‘ಯಜಮಾನ್ರೇ, ಸ್ವಲ್ಪ ಗಾಡಿ ತೆಗೀರಿ’ ಆಗಿದ್ದಾನೆ. ಯಾರಾದರೂ ‘ಸ್ವಾಮಿ’ ಅಂದರೆ ಬೈಯುವ ಮುನ್ನಿನ ಪೀಠಿಕೆಯೇನೋ ಅಂತ ಎದೆ ಹೊಡೆದುಕೊಳ್ಳುತ್ತದೆ. ಕೆಳಗಿನವರ ಕೈಗೆ ಬಂದಕೂಡಲೇ ಮೇಲಿನವರಿಗೆ ಆ ಪದ ಮೈಲಿಗೆ. ಆ ಟಣ್ ಸದ್ದು ನೆನಪಾದಾಗಲೆಲ್ಲ ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತಿದೆ. ಹಿರಿಯರು ಒಳ್ಳೆಯವರೇ, ಆಮೇಲೆ ಬಲವಂತ ಮಾಡಿ ಮೂರು ಸಲ ಬಡಿಸಿದರು. ಆದರೂ ಅವರನ್ನು ನೋಯಿಸಿದ್ದು ನನ್ನ ಪದವಲ್ಲ, ಕೆಳಗೆ ಕೂತಿದ್ದ ಆ ಮನುಷ್ಯನ ಪಕ್ಕ ನಿಲ್ಲಿಸಿದ್ದು.

ಹೊರಡುವಾಗ ಅದೇ ಕಾವಲುಗಾರ ಬಾಗಿಲು ಹಿಡಿದು ನಿಂತಿದ್ದ. ಅವನ ಹೆಸರಿಗೆ ‘ಬೇ’ ಸೇರಿಸಿ ವಂದಿಸಿದೆ. ಅವನು ಏನೂ ಆಗದವನಂತೆ ತಲೆಬಾಗಿದ. ಗೆಳೆಯ ಮಾತ್ರ ಕಾರಿನಲ್ಲಿ ಕೂತ ಮೇಲೆ, “ಇದನ್ನು ಅಪ್ಪನಿಗೆ ಹೇಳೋದು ಬೇಡ” ಅಂದ.