ಎಡಗಡೆ ಸೀಟಿನಲ್ಲಿ ಕೂತವರ ಮಾತು

ಚಿಕ್ಕಮಗಳೂರಿನಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಘಟ್ಟದ ಊರು ನೋಡಿ, ಬ್ರೇಕ್ ಕೆಲಸ ಅಂದರೆ ಕಣ್ಣು ಮುಚ್ಚಿಕೊಂಡು ಮಾಡ್ತೀನಿ ಅಂತ ಜಂಬ ಇತ್ತು. ಹೋದ ಅಕ್ಟೋಬರಿನಲ್ಲಿ ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಮಾಡಿದೆ.

ದಾವಣಗೆರೆಯಿಂದ ಗಂಡ ಹೆಂಡತಿ ಹಳೇ ಓಮ್ನಿಯಲ್ಲಿ ಬಂದಿದ್ದರು. ಇಬ್ಬರಿಗೂ ನಲವತ್ತೈದರ ಆಸುಪಾಸು. ಹಿಂದಿನ ಸೀಟು ಕಿತ್ತು ಪ್ಲೈವುಡ್ ಮಂಚ ಹಾಕಿಸಿದ್ದರು. ಮಂಚದ ಕೆಳಗೆ ಸಣ್ಣ ಸಿಲಿಂಡರ್, ಸ್ಟೋವ್, 20 ಲೀಟರಿನ ಎರಡು ನೀರಿನ ಕ್ಯಾನ್, ಅಕ್ಕಿ ಬೇಳೆ, ಜೊತೆಗೆ ಒಂದು ದೊಡ್ಡ ಚೀಲ ಮಂಡಕ್ಕಿ. ದಾವಣಗೆರೆಯವರು ಮಂಡಕ್ಕಿ ಬಿಟ್ಟು ಊರು ದಾಟುವುದಿಲ್ಲ ಅಂತ ಕಾಣುತ್ತೆ. ಹತ್ತು ದಿನದ ತಿರುಗಾಟ. ಮುಳ್ಳಯ್ಯನಗಿರಿ ಹಿಂದಿನ ದಿನವೇ ಮುಗಿದಿತ್ತು. ಮುಂದೆ ಚಾರ್ಮಾಡಿ ಇಳಿದು ಧರ್ಮಸ್ಥಳ, ಅಲ್ಲಿಂದ ಕುದುರೆಮುಖ, ಶೃಂಗೇರಿ, ಕೊನೆಗೆ ಆಗುಂಬೆ.

ಓಮ್ನಿ ಬಗ್ಗೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಗಾಡಿ, 2019ರಲ್ಲಿ ತಯಾರಿಕೆ ನಿಂತಿತು. 796 ಸಿಸಿ, ಮೂರು ಸಿಲಿಂಡರ್, ಎಂಜಿನ್ ಮುಂದಿನ ಸೀಟಿನ ಕೆಳಗೆ. ಬೇಸಿಗೆಯಲ್ಲಿ ಓಡಿಸಿದವರಿಗೆ ಆ ಬಿಸಿ ಎಲ್ಲಿಗೆ ತಟ್ಟುತ್ತೆ ಅಂತ ಗೊತ್ತು. ಮುಂದೆ ಆದದ್ದರಲ್ಲಿ ವ್ಯಾನಿನ ತಪ್ಪು ಏನೂ ಇಲ್ಲ.

ಸರ್ ಹೇಳಿದ್ದು ಇಷ್ಟು: "ಎಂಜಿನ್ ಆಯಿಲ್ ಬದಲಾಯಿಸಿ, ಬ್ರೇಕ್ ಒಮ್ಮೆ ನೋಡಿಬಿಡಿ." ಆಗ ಮೇಡಂ, "ಅಣ್ಣಾ, ನಿನ್ನೆ ಗಿರಿಯಿಂದ ಇಳೀವಾಗ ಇವರ ಕಾಲು ತುಂಬಾ ಆಳಕ್ಕೆ ಹೋಗ್ತಿತ್ತು. ಪೆಡಲ್ ಮೆತ್ತಗಾಗಿತ್ತು ಅನ್ಸುತ್ತೆ" ಅಂದರು. ಸರ್ ನಕ್ಕರು. "ಅವಳಿಗೆ ಸ್ವಲ್ಪ ಭಯ ಜಾಸ್ತಿ." ನಾನೂ ನಕ್ಕೆ. ಈಗ ನೆನೆಸಿಕೊಂಡರೆ ಬೇಜಾರಾಗುವುದು ಆ ನಗುವಿಗೇ.

ಒಂದು ಚಕ್ರ ಬಿಚ್ಚಿ ನೋಡಿದೆ. ಲೈನಿಂಗ್, ಅಂದರೆ ಉಜ್ಜಿ ಚಕ್ರ ನಿಲ್ಲಿಸುವ ಬ್ರೇಕಿನ ಪಟ್ಟಿ, ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಎಲ್ಲೂ ಲೀಕ್ ಇಲ್ಲ. ಬ್ರೇಕ್ ಆಯಿಲ್ ಒಂದು ಬೆರಳು ಕಡಿಮೆ ಇತ್ತು, ಅಷ್ಟು ತುಂಬಿದೆ. ಗ್ಯಾರೇಜಿನ ಮುಂದಿನ ಮಟ್ಟಸ ರಸ್ತೆಯಲ್ಲಿ ಎರಡು ಸುತ್ತು ಟ್ರಯಲ್ ನೋಡಿದೆ. ಪೆಡಲ್ ಗಟ್ಟಿ. "ಏನೂ ತೊಂದರೆ ಇಲ್ಲ, ಧೈರ್ಯವಾಗಿ ಹೋಗಿ ಬನ್ನಿ" ಅಂದೆ, ಮೇಡಂ ಕಡೆ ತಿರುಗಿ.

ಮಧ್ಯಾಹ್ನ ಎರಡೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್. ಚಾರ್ಮಾಡಿಯಲ್ಲಿ ಅವರಿಗೆ ಸಿಗ್ನಲ್ ಸಿಕ್ಕಿರಲಿಲ್ಲ. ಮೇಲೆ ಬರುತ್ತಿದ್ದ ಜೀಪಿನವರೊಬ್ಬರು ಕೊಟ್ಟಿಗೆಹಾರಕ್ಕೆ ಬಂದು, ಬಿಲ್ಲಿನ ಮೇಲಿದ್ದ ನಂಬರ್ ನೋಡಿ ಮಾಡಿದ್ದರು. "ನಿಮ್ಮ ಗಿರಾಕಿದು ಬ್ರೇಕ್ ಹೋಗಿ ಗಾಡಿ ಚರಂಡಿಗೆ ಇಳಿದಿದೆ. ಜನಕ್ಕೇನೂ ಆಗಿಲ್ಲ." ಆ ಕೊನೆಯ ಮಾತನ್ನು ಅವರು ಮೊದಲೇ ಹೇಳಬಾರದಿತ್ತಾ ಅನ್ನಿಸಿತು.

ಇಲ್ಲಿಂದ ಕೊಟ್ಟಿಗೆಹಾರಕ್ಕೆ ಸುಮಾರು 50 ಕಿಲೋಮೀಟರ್. ಮೂಡಿಗೆರೆ ದಾಟುವ ತನಕ ಗ್ಯಾರೇಜಿನ ಕೆಲಸದ ಹುಡುಗನೂ ನಾನೂ ಮಾತೇ ಆಡಲಿಲ್ಲ.

ಹೋಗಿ ನೋಡಿದರೆ ವ್ಯಾನ್ ಬೆಟ್ಟದ ಬದಿಯ ಚರಂಡಿಗೆ ಎರಡು ಚಕ್ರ ಇಳಿಸಿ ವಾಲಿಕೊಂಡು ನಿಂತಿತ್ತು. ಎಡಗಡೆ ಕನ್ನಡಿ ಪುಡಿ. ಪೆಡಲ್ ಒತ್ತಿ ನೋಡಿದೆ. ಬೆಳಿಗ್ಗೆ ಇದ್ದಷ್ಟೇ ಗಟ್ಟಿ! ಲೀಕ್ ಇಲ್ಲ, ಪೈಪ್ ಒಡೆದಿಲ್ಲ. ಬರೀ ಸುಟ್ಟ ಲೈನಿಂಗ್ ವಾಸನೆ. ಅನುಭವ ಇಲ್ಲದವರಾದರೆ "ನೀವೇ ಗಾಬರಿಯಾಗಿ ಎಲ್ಲೋ ಒತ್ತಿದ್ದೀರಿ" ಅಂದುಬಿಡುತ್ತಿದ್ದರು. ನಿಜ ಹೇಳಬೇಕಂದರೆ ಅನುಭವ ಇದ್ದ ನಾನು ಬೆಳಿಗ್ಗೆ ಹೆಚ್ಚೂಕಮ್ಮಿ ಅದನ್ನೇ ಅಂದಿದ್ದೆ.

ಇಳಿಜಾರಿನಲ್ಲಿ ಬ್ರೇಕ್ ಕೈಕೊಡುವುದು ಎರಡು ಥರ. ಒಂದರಲ್ಲಿ ಲೈನಿಂಗ್ ಕಾದು ಹಿಡಿತ ಬಿಡುತ್ತೆ. ಆಗ ಪೆಡಲ್ ಗಟ್ಟಿಯಾಗೇ ಇರುತ್ತೆ, ಎಷ್ಟು ಒತ್ತಿದರೂ ಗಾಡಿ ಮಾತ್ರ ನಿಲ್ಲುವುದಿಲ್ಲ. ಇನ್ನೊಂದರಲ್ಲಿ ಬ್ರೇಕ್ ಆಯಿಲೇ ಕುದಿಯುತ್ತೆ. ಆಯಿಲನ್ನು ಒತ್ತಿದರೆ ಕುಗ್ಗುವುದಿಲ್ಲ, ಅದಕ್ಕೇ ಕಾಲಿನ ಬಲ ಚಕ್ರಕ್ಕೆ ಮುಟ್ಟುತ್ತೆ. ಕುದ್ದು ಆವಿಯಾದರೆ ಆವಿ ಕುಗ್ಗುತ್ತೆ, ಪೆಡಲ್ ನೆಲಕ್ಕೆ ಹೋಗುತ್ತೆ. ತಣ್ಣಗಾದ ಮೇಲೆ ಆವಿ ಮತ್ತೆ ಆಯಿಲಾಗಿ, ಏನೂ ಆಗೇ ಇಲ್ಲ ಅನ್ನುವ ಹಾಗೆ ಪೆಡಲ್ ಗಟ್ಟಿಯಾಗುತ್ತೆ. ರಾತ್ರಿಯೆಲ್ಲ ತಣ್ಣಗೆ ನಿಂತ ಗಾಡಿಯನ್ನು ಮಟ್ಟಸ ರಸ್ತೆಯಲ್ಲಿ ಎರಡು ಸುತ್ತು ಹೊಡೆದರೆ ಇದು ಸಿಗುತ್ತಾ? "ಇಳೀವಾಗ ಮೆತ್ತಗಾಗಿತ್ತು" ಅನ್ನುವ ಒಂದೇ ಮಾತಿನಲ್ಲಿ ಮೇಡಂ ಕಾಯಿಲೆ ಯಾವುದು ಅಂತಲೇ ಹೇಳಿದ್ದರು.

"ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಸರ್?" ಅಂತ ಆಗ ಕೇಳಿದೆ. ವ್ಯಾನ್ ಸೆಕೆಂಡ್ ಹ್ಯಾಂಡ್ ತಗೊಂಡು ನಾಲ್ಕು ವರ್ಷ, ಒಮ್ಮೆಯೂ ಇಲ್ಲ. ಟಾರ್ಚ್ ಹಾಕಿ ನೋಡಿದರೆ ಕಾಫಿ ಡಿಕಾಕ್ಷನ್ ಬಣ್ಣ. ಬೆಳಿಗ್ಗೆ ಅದೇ ಡಿಕಾಕ್ಷನ್ ಮೇಲೆ ಹೊಸ ಆಯಿಲ್ ಸುರಿದವನು ನಾನೇ. ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತಾ ಹೋಗುತ್ತೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅಂತ ಲೆಕ್ಕ. ಶೇಕಡಾ ಮೂರೂಮುಕ್ಕಾಲಿನಷ್ಟು ನೀರು ಸೇರಿದರೆ ಅದೇ ಲೆಕ್ಕ 140 ಡಿಗ್ರಿಗೆ ಇಳಿಯುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು ಸುಮ್ನೆ ಅಲ್ಲ.

ಕೆಳಗಿನ ಗೇರಿನಲ್ಲಿ ಇಳಿಸಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತೆ. ಸರ್ ಪೆಟ್ರೋಲ್ ಉಳಿಸಲು ನಾಲ್ಕನೇ ಗೇರಿನಲ್ಲಿ, ನಡುನಡುವೆ ನ್ಯೂಟ್ರಲ್ ಮಾಡಿ, ಬ್ರೇಕ್ ಮೇಲೇ ಇಳಿಸುತ್ತಿದ್ದರಂತೆ. ಮುಂದೆ ಬಸ್ಸು. ಪೆಡಲ್ ನೆಲ ಮುಟ್ಟಿದಾಗ ಅವರ ಕೈಕಾಲು ಆಡಲಿಲ್ಲ. "ಮೂರನೇ ಗೇರ್ ಹಾಕ್ರೀ, ಈಗ ಎರಡನೇದು" ಅಂತ ಕೂಗಿ, ಹ್ಯಾಂಡ್‌ಬ್ರೇಕನ್ನು ತಾವೇ ಸ್ವಲ್ಪ ಸ್ವಲ್ಪ ಎಳೆದವರು ಮೇಡಂ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಕೇಬಲ್‌ನಿಂದ. ಆಯಿಲ್ ಕುದ್ದರೂ ಅದಕ್ಕೇನೂ ಆಗುವುದಿಲ್ಲ. ಆಮೇಲೆ ಸರ್ ಸ್ಟೇರಿಂಗ್ ಚರಂಡಿ ಕಡೆ ತಿರುಗಿಸಿದರು. ಅಷ್ಟು ಮಾಡಿದ್ದು ದೊಡ್ಡದು, ಅಲ್ವಾ?

ಏರು ಹತ್ತಲು ಬ್ರೇಕ್ ಜಾಸ್ತಿ ಬೇಡ. ಹಾಗಾಗಿ ನಿಧಾನಕ್ಕೆ ಕೊಟ್ಟಿಗೆಹಾರಕ್ಕೆ ವಾಪಸ್ ತಂದೆವು. ಹಳೇ ಆಯಿಲ್ ಪೂರ್ತಿ ತೆಗೆದು, ಹೊಸದು ಹಾಕಿ, ನಾಲ್ಕೂ ಚಕ್ರದ ಬ್ರೇಕ್ ಪೈಪಿನಲ್ಲಿ ಸೇರಿದ್ದ ಏರ್ ತೆಗೆದೆವು. ಹುಡುಗ ಪೆಡಲ್ ಒತ್ತುತ್ತಿದ್ದ, ನಾನು ಕೆಳಗೆ ಮಲಗಿದ್ದೆ.

ಆಮೇಲೆ ನೀರುದೋಸೆ ತಿನ್ನುವಾಗ ಮೇಡಂ ನನ್ನ ಬಿಲ್ ತಿರುಗಿಸಿ ಹಿಂಬದಿಯಲ್ಲಿ ಏನೋ ಬರೆಯತೊಡಗಿದರು. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾರೆ ಅಂತ ಆಗಲೇ ಗೊತ್ತಾಗಿದ್ದು. ವ್ಯಾನು, ಇಬ್ಬರು ಮನುಷ್ಯರು, ಸಾಮಾನು ಎಲ್ಲ ಸೇರಿ 1,200 ಕೆಜಿ ಅಂತ ಹಿಡಿದರು. ಗೇರ್ ಹಿಡಿಯದೆ ಬರೀ ಬ್ರೇಕಿನಲ್ಲಿ ಇಳಿಸಿದರೆ, 100 ಮೀಟರ್ ಎತ್ತರ ಇಳಿಯುವಷ್ಟರಲ್ಲಿ ಹುಟ್ಟುವ ಶಾಖದಿಂದ ಮೂರೂವರೆ ಲೀಟರ್ ತಣ್ಣೀರು ಕುದಿಬರುತ್ತೆ. ಗಾಳಿ ಒಂದಿಷ್ಟು ಕಳೆಯುತ್ತೆ ಬಿಡಿ. ಆದರೂ ಘಟ್ಟ ಇರುವುದು ನೂರು ಮೀಟರಲ್ಲ. ಹತ್ತುವ ಗೇರಿನಲ್ಲೇ ಇಳಿಸು ಅಂತ ಲಾರಿಯವರು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದನ್ನು ನೀರಿನ ಲೆಕ್ಕದಲ್ಲಿ ಯಾರೂ ತೋರಿಸಿರಲಿಲ್ಲ.

"ಬೆಳಿಗ್ಗೆ ನಿಮ್ಮ ಮಾತು ಕೇಳಬೇಕಿತ್ತು ಮೇಡಂ" ಅಂದೆ. ಅವರು "ಹೌದು" ಅಂದರು. ಪರವಾಗಿಲ್ಲ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಆವತ್ತಿನ ಮೇಲೆ ಗ್ಯಾರೇಜಿನ ಪುಸ್ತಕದಲ್ಲಿ ಗಾಡಿ ನಂಬರಿನ ಪಕ್ಕ ಮೂರು ಕಾಲಂ ಎಳೆದಿದ್ದೇನೆ: ಎಲ್ಲಿಗೆ ಹೋಗ್ತೀರಿ, ಎಷ್ಟು ಭಾರ, ಬ್ರೇಕ್ ಆಯಿಲ್ ಹಾಕಿ ಎಷ್ಟು ದಿನ. ಬ್ರೇಕ್ ದೂರು ಬಂದರೆ ಮೊದಲು ಹಳೇ ಆಯಿಲ್ ನೋಡುತ್ತೇವೆ. ಬಣ್ಣ ಕೆಟ್ಟಿದ್ದರೆ, ಎಷ್ಟು ಹಳೇದು ಅಂತ ಗೊತ್ತಿಲ್ಲದಿದ್ದರೆ, ಬದಲಾಯಿಸದೆ ಘಟ್ಟಕ್ಕೆ ಬಿಡುವುದಿಲ್ಲ. ಟ್ರಯಲ್ ಈಗ ಕೈಮರದ ಕಡೆಯ ಏರು ಹತ್ತಿ ಇಳಿಯುವಾಗ. ನನ್ನ ಹುಡುಗನಿಗೆ ಇದು ಇಷ್ಟವಿಲ್ಲ, ಅರ್ಧ ಗಂಟೆ ಹಾಳು ಅಂತ ಗೊಣಗುತ್ತಾನೆ. ಕೆಲವು ಗಿರಾಕಿಗಳು "ಸುಮ್ನೆ ಬಿಲ್ ಏರಿಸ್ತೀರಾ" ಅಂತ ಹೋದದ್ದೂ ಇದೆ. ಗಂಡ ಹೆಂಡತಿ ಬಂದರೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುತ್ತೇನೆ. ಓಡಿಸುವವರಿಗೆ ಗಾಡಿ ದಿನಾ ಸ್ವಲ್ಪ ಸ್ವಲ್ಪವೇ ಕೆಡುವುದು ಅಭ್ಯಾಸವಾಗಿಬಿಟ್ಟಿರುತ್ತೆ. ಪಕ್ಕದಲ್ಲಿ ಕೂತವರಿಗೆ ಹಾಗಲ್ಲ. ಶಬ್ದ, ವಾಸನೆ, ಕಾಲು ಎಷ್ಟು ಆಳಕ್ಕೆ ಹೋಯಿತು, ಎಲ್ಲ ಗಮನಕ್ಕೆ ಬಂದಿರುತ್ತೆ.

ಅವರು ಪ್ರಯಾಣ ಬಿಡಲಿಲ್ಲ. ಕೊಟ್ಟಿಗೆಹಾರದಿಂದ ಮುಂದೆ ಸ್ಟೇರಿಂಗ್ ಹಿಡಿದದ್ದು ಮೇಡಂ. ಐದು ದಿನ ಬಿಟ್ಟು ಸೋಮೇಶ್ವರದಿಂದ ಮೆಸೇಜ್ ಬಂತು: "ಆಗುಂಬೆ 14 ತಿರುವೂ ಎರಡನೇ ಗೇರ್. ಪೆಡಲ್ ಗಟ್ಟಿ. ಎಡಗಡೆ ಕನ್ನಡಿ ಎಲ್ಲಿ ಸಿಗುತ್ತೆ?"

ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಸಿಕ್ಕಿದೆ. ಬಣ್ಣ ಬೇರೆ. ದಾವಣಗೆರೆ ಬಸ್ಸಿಗೆ ಹಾಕಿ ಕಳಿಸಬೇಕು.