ಅರ್ಧಕ್ಕೇ ನಿಂತ ಸಾಲು

ರಾತ್ರಿ ನಿದ್ದೆ ಬರಲಿಲ್ಲ. ರೋಮನ್ ಕವಿ ವರ್ಜಿಲ್‌ನ ಮಹಾಕಾವ್ಯ ‘ಈನಿಯಡ್’ ತೆಗೆದು ನಾಲ್ಕನೇ ಕಾಂಡ ಮತ್ತೆ ಓದಿದೆ. ಟ್ರಾಯ್ ನಗರದ ವೀರ ಈನಿಯಸ್, ತನ್ನನ್ನು ಪ್ರೀತಿಸಿದ ಕಾರ್ಥೇಜಿನ ರಾಣಿ ಡೈಡೋಳನ್ನು ಬಿಟ್ಟು ಹೊರಡುವ ಭಾಗ. ದೇವರ ಅಪ್ಪಣೆಯಂತೆ, ಇಟಲಿಗೆ ಹೋಗಲೇಬೇಕಂತೆ. ಅವಳಿಗೆ ಹೇಳದೆಯೇ ಹಡಗು ಸಜ್ಜು ಮಾಡಿಸುತ್ತಾನೆ ಪುಣ್ಯಾತ್ಮ! ಗೊತ್ತಾದ ಮೇಲೆ, ‘ನಾನು ಇಟಲಿಗೆ ನನ್ನಿಷ್ಟದಿಂದ ಹೋಗುತ್ತಿಲ್ಲ’ ಅನ್ನುತ್ತಾನೆ. ಲ್ಯಾಟಿನ್ನಿನಲ್ಲಿ ಆ ಸಾಲು ಅರ್ಧಕ್ಕೇ ನಿಂತಿದೆ. ಕಾವ್ಯವನ್ನು ಪೂರ್ತಿ ತಿದ್ದುವ ಮೊದಲೇ, ಕ್ರಿ.ಪೂ. 19ರಲ್ಲಿ, ಕವಿ ತೀರಿಕೊಂಡ. ಇಂಥ ಅರ್ಧ ಸಾಲುಗಳು ಇನ್ನೂ ಇವೆ. ಆದರೆ ಇದನ್ನು ಬೇಕಂತಲೇ ಬಿಟ್ಟಿದ್ದಾನೆ ಅಂತ ನನಗೆ ಸುಮ್ನೆ ಅನಿಸುತ್ತದೆ. ಆಮೇಲೆ ಹೇಳುವುದಕ್ಕೆ ಏನಿದೆ, ಅಲ್ವಾ?

ಉರಿಯುವ ಟ್ರಾಯ್‌ನಿಂದ ಅಪ್ಪನನ್ನು ಹೆಗಲ ಮೇಲೆ ಹೊತ್ತು, ಮಗನ ಕೈ ಹಿಡಿದು ಬಂದವನೂ ಇವನೇ. ಹೆಂಡತಿ ಕ್ರಿಯೂಸಾ ಹಿಂದೆ ಬರುತ್ತಿದ್ದಳು, ತಪ್ಪಿಹೋದಳು. ಇವನು ತಿರುಗಿ ನೋಡಿರಲಿಲ್ಲ.

ಆರನೇ ಕಾಂಡದಲ್ಲಿ, ಸತ್ತವರ ಲೋಕದಲ್ಲಿ, ಅವನು ಹೊರಟಾಗ ಪ್ರಾಣ ಕಳೆದುಕೊಂಡ ಡೈಡೋ ಎದುರಾಗುತ್ತಾಳೆ. ಈನಿಯಸ್ ಅಳುತ್ತಾ ಅದೇ ಮಾತು ಹೇಳುತ್ತಾನೆ, ಮನಸ್ಸಿಲ್ಲದೆ ಹೊರಟೆ ಅಂತ. ಅವಳು ನೆಲ ನೋಡುತ್ತಾ ನಿಲ್ಲುತ್ತಾಳೆ. ಒಂದು ಮಾತೂ ಆಡದೆ ಮೊದಲ ಗಂಡನ ಬಳಿ ಹೊರಟುಹೋಗುತ್ತಾಳೆ.

ಪುಸ್ತಕ ಮುಚ್ಚಿದಾಗ ಮೂರು ಗಂಟೆ. ಇವತ್ತು ಆಫೀಸಿನಲ್ಲಿ ಕೆಲಸಕ್ಕಿಂತ ಆಕಳಿಕೆಯೇ ಜಾಸ್ತಿ.